ವಿದೇಶಿ ಗೆಳೆಯರ ಜೊತೆ ಬೆಳಗಾವಿಯಿಂದ ಕಡಲಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಗೆ ಹೊರದೇಶದವರು ಬರುವುದು ಹೊಸದೇನಲ್ಲ. ಮೆಡಿಕಲ್ ಓದಲು ಮಲೇಷ್ಯಾದ ಹುಡುಗ ಹುಡುಗಿಯರು ಬರುತ್ತಾರೆ. ಉದ್ಯಮಬಾಗದ ಕಾರ್ಖಾನೆಗಳಿಗೆ ಮಷಿನ್ ಕೂರಿಸಲು ಇಂಜಿನಿಯರ್‌ಗಳು ಬರುತ್ತಾರೆ. ಸಾಲು ರಜೆ ಬಂದರೆ ಇವರನ್ನು ಎಲ್ಲಿಗೆ ಕರೆದುಕೊಂಡು ಹೋಗೋಣ ಎಂದು ನಾವು ತಲೆ ಕೆರೆದುಕೊಳ್ಳುತ್ತೇವೆ. ಕೊನೆಗೆ ಎಲ್ಲರೂ ಹೇಳುವುದು ಒಂದೇ: ಸಮುದ್ರಕ್ಕೆ.

ನಾನು ಹೀಗೆ ಐದು ಸಲ ಹೋಗಿ ಬಂದಿದ್ದೇನೆ. ಒಮ್ಮೆ ಮ್ಯೂನಿಕ್‌ನ ಇಬ್ಬರು ಇಂಜಿನಿಯರ್‌ಗಳ ಜೊತೆ. ಉಳಿದ ಸಲವೆಲ್ಲ ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಮಲೇಷ್ಯಾದ ವಿದ್ಯಾರ್ಥಿಗಳ ಜೊತೆ. ಅದರಲ್ಲೂ ಪೆನಾಂಗ್‌ನ ಒಬ್ಬ ಹುಡುಗಿ ನಾಲ್ಕು ಸಲವೂ ಬಂದಿದ್ದಳು. ಪೆನಾಂಗ್ ಅಂದರೆ ದ್ವೀಪ. ಅವಳು ಸಮುದ್ರದ ಪಕ್ಕದಲ್ಲೇ ಬೆಳೆದವಳು. ನಾನೋ, ಹದಿನೆಂಟು ತುಂಬುವವರೆಗೆ ಸಮುದ್ರವನ್ನು ಟಿವಿಯಲ್ಲಿ ಮಾತ್ರ ನೋಡಿದವನು. ನಾನು ಅವಳಿಗೆ ಸಮುದ್ರ ತೋರಿಸಲು ಹೊರಟಿದ್ದೆ! ಈ ತಮಾಷೆ ನನಗೆ ಎರಡನೇ ಟ್ರಿಪ್‌ನಲ್ಲಿ ಹೊಳೆಯಿತು. ಆಮೇಲೆ ಪ್ಲಾನ್ ಮಾಡುವ ರೀತಿಯೇ ಬದಲಾಯಿತು. ಓಣಿಯವರು, ಆಫೀಸಿನವರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಗೋವಾ, ಕಾರವಾರ, ಗೋಕರ್ಣ: ಯಾವುದು ಒಳ್ಳೆಯದು?

ಎರಡೇ ರಾತ್ರಿ ಇದ್ದರೆ ಗೋವಾ. ಚೋರ್ಲಾ ಘಾಟ್ ಮೇಲೆ ಪಣಜಿ ಸುಮಾರು 110 ಕಿ.ಮೀ. ಬೆಳಿಗ್ಗೆ ನಾಷ್ಟಾ ಮುಗಿಸಿ ಹೊರಟರೆ ಮಧ್ಯಾಹ್ನದ ಊಟ ಅಲ್ಲೇ.

ಗೋಕರ್ಣ 200 ಕಿ.ಮೀ.ಗಿಂತ ಜಾಸ್ತಿ. ಖಾನಾಪುರ, ಅಳ್ನಾವರ, ಹಳಿಯಾಳ, ಯಲ್ಲಾಪುರ, ಅಂಕೋಲಾ ಹೀಗೆ ಹೋಗಬೇಕು. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಾಟ್‌ನಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಐದು ಗಂಟೆಯ ದಾರಿ ಆರೂವರೆ ಆಗುತ್ತದೆ. ಮೂರು ರಾತ್ರಿ ಇದ್ದರೆ ಮಾತ್ರ ಹೋಗಿ. ಆದರೆ ಓಂ ಬೀಚ್‌ನಿಂದ ಹಾಫ್ ಮೂನ್ ಬೀಚ್‌ಗೆ ಬಂಡೆಗಳ ಮೇಲೆ ನಡೆದು ಹೋಗುವ ದಾರಿ ಇದೆಯಲ್ಲ, ಅದಕ್ಕಾಗಿಯೇ ಹೋಗಬಹುದು. ನಡೆಯುವುದೆಂದರೆ ಜೀವ ಬಿಡುವ ಯುರೋಪಿನವರಿಗೆ ಅದು ಹೇಳಿ ಮಾಡಿಸಿದ ಜಾಗ.

ಕಾರವಾರವನ್ನು ಜನ ಯಾಕೆ ಮರೆಯುತ್ತಾರೋ ಗೊತ್ತಿಲ್ಲ. ಗದ್ದಲ ಕಡಿಮೆ. ಕಾಳಿ ನದಿ ಸಮುದ್ರ ಸೇರುವ ಜಾಗ ಕಣ್ಣೆದುರಿಗೇ ಇದೆ. ಊರಿನ ಬೀಚ್‌ಗೆ ರವೀಂದ್ರನಾಥ ಟಾಗೋರರ ಹೆಸರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದಲ್ಲಿ, ಟಾಗೋರರು ಬಂದು ಉಳಿದಿದ್ದರು. ಒಂದು ಎಚ್ಚರಿಕೆ: ಅಲ್ಲಿ ನೌಕಾನೆಲೆ ಇದೆ. ಬೇಲಿ, ಬೋರ್ಡ್ ಕಂಡ ಕಡೆ ಕ್ಯಾಮೆರಾ ತೆಗೆಯಬೇಡಿ. ವಿದೇಶಿಯರ ಕೈಯಲ್ಲಿ ಕ್ಯಾಮೆರಾ ಇದ್ದರೆ ವಿಚಾರಣೆ ಜಾಸ್ತಿ.

ನನ್ನ ಅಭಿಪ್ರಾಯ ಕೇಳಿದರೆ, ಬಾಗಾ, ಕಲಂಗುಟ್ ಕಡೆ ಹೋಗಲೇಬೇಡಿ. ಸಾಲು ರಜೆಯಲ್ಲಿ ಅಲ್ಲಿ ಮರಳಿಗಿಂತ ಜನ ಹೆಚ್ಚು. ಉತ್ತರದಲ್ಲಿ ಮಾಂದ್ರೆ, ದಕ್ಷಿಣದಲ್ಲಿ ಆಗೊಂದ ನೋಡಿ.

ಯಾವ ದಾರಿ?

ಉತ್ತರ ಗೋವಾಕ್ಕೆ ಚೋರ್ಲಾ. ದಕ್ಷಿಣ ಗೋವಾಕ್ಕೆ ರಾಮನಗರದ ಮೇಲೆ ಅನಮೋಡ ಘಾಟ್. ಅಂಬೋಲಿ ಮೇಲೆ ಸಾವಂತವಾಡಿಗೆ ಇಳಿಯುವ ದಾರಿಯೂ ಚೆನ್ನ. ವೆಂಗುರ್ಲಾ ಕಡೆ ಹೋಗುವವರಿಗೆ ಅದೇ ಸರಿ.

ನನಗಂತೂ ಚೋರ್ಲಾ ದಾರಿಯೇ ಇಷ್ಟ. ಬೆಳಗಾವಿ ಬಿಟ್ಟು ಜಾಂಬೋಟಿ ಮುಟ್ಟುವಷ್ಟರಲ್ಲಿ ಮಣ್ಣಿನ ಬಣ್ಣ ಬದಲಾಗುತ್ತದೆ, ಗಾಳಿ ತಣ್ಣಗಾಗುತ್ತದೆ. ಅಲ್ಲಿಂದ ಮುಂದೆ ಕಾಡು. ಮೊಬೈಲ್ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಿ.

ಕಣಕುಂಬಿಯಲ್ಲಿ ಗಾಡಿ ನಿಲ್ಲಿಸಿ. ದಯವಿಟ್ಟು ನಿಲ್ಲಿಸಿ. ಮಲಪ್ರಭೆ ಹುಟ್ಟುವುದು ಇಲ್ಲೇ. ಇಲ್ಲಿಂದ ನೇರ ಗೆರೆ ಎಳೆದರೆ ಅರಬ್ಬೀ ಸಮುದ್ರ 50 ಕಿ.ಮೀ. ಆಸುಪಾಸು. ಆದರೆ ಮಲಪ್ರಭೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಪೂರ್ವಕ್ಕೆ ಹೊರಟು, ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ನಿಂತು, ಪಟ್ಟದಕಲ್ಲು, ಐಹೊಳೆಯ ಪಕ್ಕ ಹಾದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಕೊನೆಗೆ ಬಂಗಾಳ ಕೊಲ್ಲಿ ಮುಟ್ಟುತ್ತಾಳೆ. ಅದೇ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿ ಮಾತ್ರ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡವಿಯಾಗಿ, ಪಣಜಿಯಲ್ಲಿ ಸಮುದ್ರಕ್ಕೆ ಬೀಳುತ್ತಾಳೆ. ಒಂದೇ ಕಾಡು, ಎರಡು ನದಿ, ಎರಡು ಸಮುದ್ರ. ಕಾರಿನ ಬಾನೆಟ್ ಮೇಲೆ ಬೆರಳಿನಿಂದ ನಕ್ಷೆ ಬರೆದು ಇದನ್ನು ಹೇಳಿದಾಗ ಮ್ಯೂನಿಕ್‌ನವನು ಡೈರಿ ತೆಗೆದು ಬರೆದುಕೊಂಡ. ಮಹದಾಯಿಯ ನೀರಿಗಾಗಿ ಎರಡು ರಾಜ್ಯಗಳು ವರ್ಷಗಟ್ಟಲೆ ಜಗಳವಾಡುತ್ತಿವೆ ಎಂದಾಗ ಅವನಿಗೆ ನದಿ ಇನ್ನೂ ದೊಡ್ಡದಾಗಿ ಕಂಡಿರಬೇಕು. ಟ್ರಿಪ್ ಮುಗಿದ ಮೇಲೂ ಅವನು ಕೇಳುತ್ತಿದ್ದುದು ಬೀಚ್ ಬಗ್ಗೆ ಅಲ್ಲ, ಆ ನದಿಯ ಬಗ್ಗೆ.

ಮಳೆಗಾಲದಲ್ಲಿ ಘಾಟ್‌ನಲ್ಲಿ ಮಂಜು ಎಷ್ಟೆಂದರೆ ಮುಂದಿನ ಗಾಡಿಯ ದೀಪ ಬಿಟ್ಟು ಬೇರೇನೂ ಕಾಣುವುದಿಲ್ಲ. ಕತ್ತಲಾಗುವ ಮೊದಲು ಘಾಟ್ ಇಳಿದುಬಿಡಿ.

ಯಾವ ರಜೆಗೆ ಹೋಗಬೇಕು?

ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ. ಜೂನ್‌ನಿಂದ ಸೆಪ್ಟೆಂಬರ್ ಸಮುದ್ರದ ಕೋಪದ ಕಾಲ. ಆಗ ನೋಡಲು ಹೋಗಬಹುದು, ಇಳಿಯುವಂತಿಲ್ಲ. ಆಗಸ್ಟ್ 15ರ ರಜೆಗೆ "ಬೀಚ್‌ಗೆ ಹೋಗೋಣ" ಎನ್ನುವವರಿಗೆ ನಾನು ಅಂಬೋಲಿ ತೋರಿಸಿ ವಾಪಸ್ ಕರೆತರುತ್ತೇನೆ.

ನವೆಂಬರ್ 1ರಂದು ಮಾತ್ರ ಊರು ಬಿಡಬೇಡಿ. ಬೆಳಗಾವಿಯ ರಾಜ್ಯೋತ್ಸವದ ಮೆರವಣಿಗೆ ನೋಡಲು ಬೇರೆ ಜಿಲ್ಲೆಗಳಿಂದ ಜನ ಬರುತ್ತಾರೆ, ನೀವು ಅತಿಥಿಗಳನ್ನು ಕರೆದುಕೊಂಡು ಹೊರಗೆ ಹೋಗುತ್ತೀರಾ? ಸುಮ್ನೆ ಚನ್ನಮ್ಮ ವೃತ್ತದ ಹತ್ತಿರ ನಿಲ್ಲಿಸಿ. ಹೆಗಲಿಗೆ ಹಳದಿ ಕೆಂಪು ಶಾಲು ಹಾಕಿ. ಸಮುದ್ರಕ್ಕೆ ಮರುದಿನ ಹೋದರಾಯಿತು. ಹೇಗೂ ಆ ದಿನ ಗಾಡಿ ಊರಿನಿಂದ ಹೊರಗೆ ಹೋಗುವುದೂ ಕಷ್ಟ.

ಡಿಸೆಂಬರ್‌ನಲ್ಲಿ ಇನ್ನೊಂದು ಪಂಚಾಯ್ತಿ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಶುರುವಾದರೆ ಬೆಳಗಾವಿಯ ಹೋಟೆಲುಗಳೆಲ್ಲ ಭರ್ತಿ. ಬೇರೆ ಊರಿನಿಂದ ಬರುವ ಗೆಳೆಯರಿಗೆ ಒಂದು ರಾತ್ರಿ ಇಲ್ಲಿ ಉಳಿಯಲು ರೂಮ್ ಬೇಕಿದ್ದರೆ ಅಧಿವೇಶನದ ತಾರೀಕು ನೋಡಿ ಟಿಕೆಟ್ ಮಾಡಲು ಹೇಳಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಗೋವಾದ ರೂಮ್ ಬಾಡಿಗೆ ಎರಡು ಮೂರು ಪಟ್ಟು ಆಗುತ್ತದೆ. ಆಗ ಕಾರವಾರವೇ ವಾಸಿ.

ರೂಮ್ ಬುಕ್ ಮಾಡುವಾಗ ವಿದೇಶಿಯರು ಎಂದು ಹೇಳಬೇಕಾ?

ಹೇಳಲೇಬೇಕು. ಇದನ್ನು ಕಲಿಯಲು ನಾನು ಒಂದು ರಾತ್ರಿಯ ನಿದ್ದೆ ಕೊಟ್ಟಿದ್ದೇನೆ.

ನಿಯಮ ಹೀಗಿದೆ. ವಿದೇಶಿಯರಿಗೆ ಉಳಿಯಲು ಜಾಗ ಕೊಟ್ಟವರು 24 ಗಂಟೆಯೊಳಗೆ ಆ ಮಾಹಿತಿಯನ್ನು ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ಕೊಡಬೇಕು. ಎಲ್ಲರ ಬಾಯಲ್ಲಿ ಅದು "ಸಿ ಫಾರ್ಮ್". ದೊಡ್ಡ ಹೋಟೆಲುಗಳಿಗೆ ಇದು ದಿನನಿತ್ಯದ ಕೆಲಸ. ಸಣ್ಣ ಹೋಮ್‌ಸ್ಟೇಗಳು ಎಷ್ಟೋ ಸಲ ಇದಕ್ಕೆ ನೋಂದಣಿಯನ್ನೇ ಮಾಡಿಸಿರುವುದಿಲ್ಲ.

ಮೊದಲ ಸಲ ನಾನು ನನ್ನ ಹೆಸರಿನಲ್ಲಿ ಎರಡು ರೂಮ್ ಬುಕ್ ಮಾಡಿದ್ದೆ. ರಾತ್ರಿ ಒಂಬತ್ತಕ್ಕೆ ಮುಟ್ಟಿದೆವು. ಬಾಗಿಲು ತೆಗೆದ ಮಾಲೀಕರು ನನ್ನ ಹಿಂದೆ ನಿಂತಿದ್ದ ನಾಲ್ವರನ್ನು ನೋಡಿ "ಫಾರಿನರ್ಸಾ? ಆಗಲ್ಲ ರೀ" ಎಂದರು. ಹಣ ವಾಪಸ್ ಕೊಡುತ್ತೇನೆ, ಆದರೆ ಇಡಲು ಆಗುವುದಿಲ್ಲ ಎಂದರು. ಆಗ ನನಗೆ ಸಿಟ್ಟು ಬಂತು. ಈಗ ಯೋಚಿಸಿದರೆ ಅವರ ತಪ್ಪಿಲ್ಲ, ಕೇಳದೆ ಬುಕ್ ಮಾಡಿದವನು ನಾನು. ಮಧ್ಯರಾತ್ರಿವರೆಗೆ ರೂಮ್ ಹುಡುಕುತ್ತಾ ಓಡಾಡಿದೆವು. ಆ ನಾಲ್ವರೂ ಒಂದು ಮಾತು ಆಡಲಿಲ್ಲ. ಅದೇ ನನಗೆ ಜಾಸ್ತಿ ನಾಚಿಕೆ ಅನ್ನಿಸಿತು.

ಹಾಗಾಗಿ ಬುಕ್ ಮಾಡಿದ ಕೂಡಲೇ ಫೋನ್ ಮಾಡಿ, "ನಮ್ಮ ಜೊತೆ ಇಂತಿಂಥ ದೇಶದವರು ಇದ್ದಾರೆ, ಸಿ ಫಾರ್ಮ್ ತುಂಬುತ್ತೀರಾ?" ಎಂದು ನೇರವಾಗಿ ಕೇಳಿ. ಹೌದು ಎಂದರೆ ಅದನ್ನೇ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅವರು ಒಂದು ರಾತ್ರಿ ನಿಮ್ಮ ಮನೆಯಲ್ಲೇ ಮಲಗಿದರೂ ಈ ನಿಯಮ ನಿಮಗೆ ಅನ್ವಯಿಸುತ್ತದೆ. ಮನೆಯವರೂ ಮಾಹಿತಿ ಕೊಡಬೇಕು. ಹೆದರುವಂಥದ್ದೇನಿಲ್ಲ. ಪಾಸ್‌ಪೋರ್ಟ್ ನೋಡಿ ಒಂದು ಫಾರ್ಮ್ ತುಂಬುವುದಷ್ಟೆ.

ಅವರು ಯಾವ ಕಾಗದ ಇಟ್ಟುಕೊಳ್ಳಬೇಕು?

ಅಸಲಿ ಪಾಸ್‌ಪೋರ್ಟ್, ವೀಸಾ. ಓದುತ್ತಿರುವವರಾದರೆ ಕಾಲೇಜಿನ ಗುರುತಿನ ಚೀಟಿ, ಇಲ್ಲಿನ ನೋಂದಣಿ ಕಾಗದ. ಹಾಸ್ಟೆಲ್‌ನಲ್ಲಿ ರಜೆ ಚೀಟಿ ಬರೆದು ಬರಲಿ. ಎಲ್ಲದರ ಫೋಟೋ ನಿಮ್ಮ ಫೋನ್‌ನಲ್ಲೂ ಇರಲಿ. ಪಾಸ್‌ಪೋರ್ಟನ್ನು ಬೀಚ್‌ಗೆ ಒಯ್ಯುವುದು ಬೇಡ, ರೂಮಿನಲ್ಲಿ ಬೀಗ ಹಾಕಿಡಿ.

ಟ್ರೆಕ್ಕಿಂಗ್ ಹುಚ್ಚಿನವರು ಸ್ಯಾಟಲೈಟ್ ಫೋನ್ ಅಥವಾ ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ ಸಣ್ಣ ಯಂತ್ರ ತರುತ್ತಾರೆ. ಅವರ ದೇಶದಲ್ಲಿ ಅದು ಅಂಗಡಿಯಲ್ಲಿ ಸಿಗುವ ಸಾಮಾನು. ನಮ್ಮಲ್ಲಿ ಅನುಮತಿ ಇಲ್ಲದೆ ಇಟ್ಟುಕೊಂಡರೆ ಕೇಸ್. ವಿಮಾನ ಹತ್ತುವ ಮೊದಲೇ ತಿಳಿಸಿ.

ರೈಲಿನಲ್ಲಿ ಹೋಗಬಹುದಾ?

ಹೋಗಬಹುದು, ಒಮ್ಮೆಯಾದರೂ ಹೋಗಬೇಕು. ಬೆಳಗಾವಿಯಿಂದ ಲೋಂಡಾ, ಕ್ಯಾಸಲ್ ರಾಕ್ ದಾಟಿ ರೈಲು ಘಾಟ್ ಇಳಿಯುತ್ತದೆ. ಸುರಂಗದ ಮೇಲೆ ಸುರಂಗ. ನಡುವೆ ದೂಧಸಾಗರ್ ಜಲಪಾತ. ಹಳಿ ಅದರ ಎದುರಿಗೇ ಹಾದು ಹೋಗುತ್ತದೆ. ಗೋವಾ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತಲ್ಲ, ಆಗ ಕ್ಯಾಸಲ್ ರಾಕ್ ಗಡಿಯ ಸ್ಟೇಷನ್. ಪಾಸ್‌ಪೋರ್ಟ್ ಕಿಸೆಯಲ್ಲಿಟ್ಟುಕೊಂಡ ಗೆಳೆಯರಿಗೆ ಇದನ್ನು ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಜಲಪಾತ ನೋಡಲು ಹಳಿಯ ಮೇಲೆ ನಡೆದು ಹೋಗುವುದು ನಿಷೇಧ. ರೀಲ್ಸ್ ನೋಡಿ ಕೇಳಿದರೆ ಖಡಾಖಂಡಿತವಾಗಿ ಇಲ್ಲ ಎನ್ನಿ.

ತೊಂದರೆ ಒಂದೇ. ಸಾಲು ರಜೆಯಲ್ಲಿ ರಿಸರ್ವೇಶನ್ ಸಿಗುವುದಿಲ್ಲ. ಬಸ್ ಆದರೆ ನಮ್ಮ ವಾಯವ್ಯ ಸಾರಿಗೆಯದೂ ಇದೆ, ಗೋವಾದ ಕದಂಬ ಬಸ್ಸೂ ಇದೆ. ಗೋವಾ ಸರ್ಕಾರದ ಬಸ್ ಮೇಲೆ ಕದಂಬರ ಹೆಸರು ನೋಡಿದಾಗಲೆಲ್ಲ ನನಗೆ ಒಳಗೊಳಗೇ ಖುಷಿ. ಗೋವಾ ಕದಂಬರ ಹಲಸಿ ಇರುವುದು ನಮ್ಮ ಖಾನಾಪುರ ತಾಲೂಕಿನಲ್ಲೇ ಅಲ್ವಾ?

ಅಲ್ಲಿ ಬೈಕ್ ಬಾಡಿಗೆಗೆ ತೆಗೆದುಕೊಳ್ಳಬಹುದಾ?

ಕಪ್ಪು ನಂಬರ್ ಪ್ಲೇಟ್ ಮೇಲೆ ಹಳದಿ ಅಕ್ಷರ ಇದ್ದರೆ ಮಾತ್ರ. ಅದು ಬಾಡಿಗೆಗೆ ಪರ್ಮಿಟ್ ಇರುವ ಗಾಡಿ. ಬಿಳಿ ಪ್ಲೇಟ್ ಗಾಡಿ ಅಗ್ಗಕ್ಕೆ ಕೊಡುತ್ತಾರೆ, ಪೊಲೀಸರು ಹಿಡಿದರೆ ಅಥವಾ ಅಪಘಾತವಾದರೆ ಗೋಳು ನಿಮ್ಮದು. ವಿದೇಶಿ ಗೆಳೆಯರು ಓಡಿಸುವುದಾದರೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರವಾನಗಿ ಬೇಕು. ಹೆಲ್ಮೆಟ್ ಇಬ್ಬರಿಗೂ. ಜರ್ಮನಿಯವರಿಗೆ ರಸ್ತೆಯ ಎಡಗಡೆ ಅಭ್ಯಾಸವಿಲ್ಲ. ಮಲೇಷ್ಯಾದಲ್ಲಿ ನಮ್ಮ ಹಾಗೇ ಎಡಗಡೆ, ಅವರಿಗೆ ಸಲೀಸು.

ಮನೆಯಿಂದ ಏನು ಕಟ್ಟಿಕೊಂಡು ಹೋಗಬೇಕು?

ಬುತ್ತಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಖಡಕ್ ರೊಟ್ಟಿ, ಮಾಡಿದ ಕಾಯಿಪಲ್ಯ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಈರುಳ್ಳಿ, ಗಟ್ಟಿ ಮೊಸರು. ಸಿಹಿಗೆ ನಮ್ಮ ಕುಂದಾ, ಇಲ್ಲವೇ ಗೋಕಾಕದ ಕರದಂಟು. ಖಡಕ್ ರೊಟ್ಟಿ ಕೆಡುವುದಿಲ್ಲ, ಮುರಿದರೂ ರುಚಿ ಹೋಗುವುದಿಲ್ಲ. ಮೂರು ದಿನದ ದಾರಿಗೆ ಅದಕ್ಕಿಂತ ಒಳ್ಳೆಯ ತಿಂಡಿ ಯಾವ ಪ್ಯಾಕೆಟ್‌ನಲ್ಲೂ ಇಲ್ಲ. ಮ್ಯೂನಿಕ್‌ನವರು ಅದನ್ನು ತಮ್ಮ ಊರಿನ ಗರಿಗರಿ ಬ್ರೆಡ್ಡಿಗೆ ಹೋಲಿಸಿ, ಮೇಲೆ ಬೆಣ್ಣೆ ಸವರಿ ತಿಂದರು. ಅವ್ವನಿಗೆ ಹೇಳಿದೆ. "ಬೆಣ್ಣಿ ಹಚ್ಚಿದ್ರ ಯಾವುದಾದ್ರೂ ರುಚಿನ" ಎಂದಳು.

ಆದರೆ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಶೇಂಗಾ ಅಲರ್ಜಿ ಇದೆಯಾ? ನಮ್ಮಲ್ಲಿ ಈ ಪ್ರಶ್ನೆ ಕೇಳಿದರೆ ನಗುತ್ತಾರೆ. ಹೊರದೇಶದವರಲ್ಲಿ ಕೆಲವರಿಗೆ ಇದು ಜೀವದ ಪ್ರಶ್ನೆ. ಗಂಟಲು ಊದಿ ಉಸಿರು ಕಟ್ಟಬಹುದು. ನಮ್ಮ ಅಡುಗೆಯಲ್ಲಿ ಶೇಂಗಾ ಎಲ್ಲೆಲ್ಲಿದೆ ಯೋಚಿಸಿ. ಚಟ್ನಿಯಲ್ಲಿ ಕಾಣುತ್ತದೆ, ಸರಿ. ಬದನೆಕಾಯಿ ಎಣ್ಣೆಗಾಯಿಯ ಒಳಗೆ ಪುಡಿ. ಕೋಸಂಬರಿಯ ಮೇಲೆ ಪುಡಿ. ಒಗ್ಗರಣೆಗೆ ಶೇಂಗಾ ಎಣ್ಣೆ. ಅಗಸಿ ಚಟ್ನಿ ಕುಟ್ಟುವ ಮಿಕ್ಸರ್‌ನಲ್ಲೇ ನಿನ್ನೆ ಶೇಂಗಾ ಕುಟ್ಟಿರುತ್ತೇವೆ. ಮ್ಯೂನಿಕ್‌ನ ಇಬ್ಬರಲ್ಲಿ ಒಬ್ಬನಿಗೆ ಅಲರ್ಜಿ ಇತ್ತು. ಅವನು ಬಾಯಿ ಬಿಟ್ಟು ಹೇಳಿದ್ದು ರೊಟ್ಟಿ ಬುಟ್ಟಿ ತೆರೆದ ಮೇಲೆ. ಆ ದಿನ ಅವನಿಗೆ ಬರೀ ರೊಟ್ಟಿ, ಅಂಗಡಿಯ ಬೆಣ್ಣೆ, ಬಾಳೆಹಣ್ಣು. ಬೆಣ್ಣೆಯ ಕಥೆ ಶುರುವಾದದ್ದು ಅಲ್ಲಿಂದ.

ಸಮುದ್ರದ ಕಡೆ ಊಟ ಹೇಗೆ? ನಾವು ಸಸ್ಯಾಹಾರಿಗಳು.

ಪೂರಿ ಭಾಜಿ, ಪಾವ್ ಭಾಜಿ, ಶಾಕಾಹಾರಿ ಥಾಳಿ ಎಲ್ಲ ಊರಲ್ಲೂ ಸಿಗುತ್ತದೆ. ಉಪವಾಸ ಬೀಳುವುದಿಲ್ಲ. ಆದರೆ ನೀವು ಮೀನು ತಿನ್ನುವುದಿಲ್ಲ ಎಂದು ಅವರಿಗೂ ತಪ್ಪಿಸಬೇಡಿ. ಮಧ್ಯಾಹ್ನದ ಮೀನಿನ ಥಾಳಿಯ ಅಂಗಡಿಯಲ್ಲಿ ಕೂತು, ಅವರು ಬಂಗಡೆ ಅಥವಾ ಇಸ್ವಾಣ ತಿನ್ನುವಾಗ ನೀವು ಸೋಲ್ ಕಡಿ ಕುಡಿಯಿರಿ. ಕೋಕಮ್ ಮತ್ತು ತೆಂಗಿನ ಹಾಲಿನದು, ಬಿಸಿಲಿಗೆ ಅಮೃತ.

ಮಲೇಷ್ಯಾದ ಮುಸ್ಲಿಂ ಗೆಳೆಯರಿದ್ದರೆ ಹಲಾಲ್ ಮಾಂಸ ಎಲ್ಲಿ ಸಿಗುತ್ತದೆ ಎಂದು ಮೊದಲೇ ವಿಚಾರಿಸಿ. ಗೋವಾದ ಹೋಟೆಲುಗಳಲ್ಲಿ ಹಂದಿ ಮಾಂಸ ಸಾಮಾನ್ಯ. ಬರೀ ಮೀನು ಸಾಕು ಎಂದರೂ, ಅದೇ ಬಾಣಲೆಯಲ್ಲಿ ಕರಿಯುತ್ತಾರಾ ಎಂದು ನೀವೇ ಒಳಗೆ ಹೋಗಿ ಕೇಳಿ. ಅವರು ಸಂಕೋಚಕ್ಕೆ ಕೇಳುವುದಿಲ್ಲ.

ಸಮುದ್ರದಲ್ಲಿ ಈಜುವುದು ಎಷ್ಟು ಅಪಾಯ?

ಅಪಾಯ ಅವರಿಗಿಂತ ನಮಗೆ ಜಾಸ್ತಿ. ತಮಾಷೆಗೆ ಹೇಳುತ್ತಿಲ್ಲ.

ನಮ್ಮ ಕಡೆ ಈಜು ಕಲಿಯುವುದು ಬಾವಿಯಲ್ಲಿ, ಹೊಳೆಯಲ್ಲಿ. ಸೊಂಟಕ್ಕೆ ಒಣ ಸೋರೆಕಾಯಿ ಅಥವಾ ಟ್ಯೂಬ್ ಕಟ್ಟಿ ಅಪ್ಪನೋ ಕಾಕಾನೋ ದೂಡಿರುತ್ತಾರೆ. ಬಾವಿಯ ನೀರು ನಿಂತ ನೀರು. ಹೊಳೆಯ ನೀರು ಒಂದೇ ಕಡೆ ಹರಿಯುತ್ತದೆ. ಸಮುದ್ರ ಹಾಗಲ್ಲ. ದಡಕ್ಕೆ ಬಡಿದ ಅಲೆ ವಾಪಸ್ ಹೋಗುವಾಗ ಕೆಲವು ಕಡೆ ಕಿರಿದಾದ ಸೆಳವು ಹುಟ್ಟುತ್ತದೆ. ಮೇಲಿನಿಂದ ನೋಡಿದರೆ ಅಲ್ಲಿ ಅಲೆ ಕಡಿಮೆ, ನೀರು ಶಾಂತ. ಬಾವಿಯಲ್ಲಿ ಕಲಿತ ಕಣ್ಣಿಗೆ ಅದೇ ಒಳ್ಳೆಯ ಜಾಗ ಅನ್ನಿಸುತ್ತದೆ. ಅಲ್ಲೇ ಇಳಿಯುತ್ತೇವೆ.

ನಾನೂ ನನ್ನ ತಮ್ಮನೂ ಕಾರಿನಿಂದ ಇಳಿದವರೇ ಅಂಗಿ ಬಿಚ್ಚಿ ಓಡಿದ್ದೆವು. ಪೆನಾಂಗ್‌ನ ಹುಡುಗಿ ಬರಲಿಲ್ಲ. ಮರಳಿನ ಮೇಲೆ ಕೂತು ಹತ್ತು ನಿಮಿಷ ಬರೀ ನೀರು ನೋಡಿದಳು. ನಾವು "ಹೆದರಿಕೆಯಾ?" ಎಂದು ಕೂಗಿದೆವು. ಅವಳು ಎದ್ದು ಬಂದು, ನಾವು ನಿಂತಿದ್ದ ಜಾಗದಿಂದ ನಮ್ಮಿಬ್ಬರ ಕೈ ಹಿಡಿದು ಐವತ್ತು ಹೆಜ್ಜೆ ಆಚೆ ಕರೆದುಕೊಂಡು ಹೋದಳು. ಆಮೇಲೆ ಬೆರಳು ಮಾಡಿ ತೋರಿಸಿದಳು: ನಾವಿದ್ದ ಕಡೆ ನೊರೆ, ಕಸ ಎಲ್ಲ ದಡದಿಂದ ಒಳಕ್ಕೆ ಹೋಗುತ್ತಿತ್ತು. ಅದರ ಮೇಲೆ ಕೆಂಪು ಬಾವುಟವೂ ಇತ್ತು. ನಾವು ನೋಡಿಯೇ ಇರಲಿಲ್ಲ.

ಹಾಗಾಗಿ ನನ್ನ ನಿಯಮಗಳು. ಇಳಿಯುವ ಮೊದಲು ಹತ್ತು ನಿಮಿಷ ಕೂತು ನೋಡಿ. ಕೆಂಪು ಬಾವುಟ ಇದ್ದಲ್ಲಿ ಇಳಿಯಬೇಡಿ, ಕೆಂಪು ಹಳದಿ ಬಾವುಟಗಳ ನಡುವೆ ಇಳಿಯಿರಿ. ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಬೇಡ. ಸೆಳವಿಗೆ ಸಿಕ್ಕಿದರೆ ದಡದ ಕಡೆ ಎದುರಾಗಿ ಈಜಬೇಡಿ, ಸುಸ್ತಾಗಿ ಮುಳುಗುವುದು ಹಾಗೆಯೇ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬನ್ನಿ. ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕರೆಯಿರಿ. ಸೂರ್ಯ ಮುಳುಗಿದ ಮೇಲೆ, ಕುಡಿದ ಮೇಲೆ ನೀರಿಗೆ ಹೋಗಬೇಡಿ. ಸೀರೆ, ಜೀನ್ಸ್ ತೊಟ್ಟು ಸೊಂಟದ ಮೇಲಿನ ನೀರಿಗೆ ಹೋಗಬೇಡಿ. ಒದ್ದೆಯಾದ ಬಟ್ಟೆ ಕಲ್ಲಿನಷ್ಟು ಭಾರ.

ಬೀಚ್‌ನಲ್ಲಿ ಜನ ಸೆಲ್ಫಿ ಕೇಳಿ ಕಾಡುತ್ತಾರೆ. ಏನು ಮಾಡುವುದು?

ಮೊದಲ ಸೆಲ್ಫಿಗೆ ಹೂಂ ಎಂದರೆ ಐವತ್ತು ಸೆಲ್ಫಿ. ಈಜುಡುಗೆಯಲ್ಲಿರುವ ಹೆಣ್ಣುಮಕ್ಕಳಿಗೆ ಇದು ಬರೀ ಕಿರಿಕಿರಿಯಲ್ಲ, ಭಯ. ಇಲ್ಲಿ ನಿಮ್ಮ ಕೆಲಸ ಇದೆ. ಅವರು ಇಂಗ್ಲಿಷ್‌ನಲ್ಲಿ ಬೇಡ ಎಂದರೆ ಯಾರೂ ಕೇಳುವುದಿಲ್ಲ. ನೀವು ಮುಂದೆ ಬಂದು, ನಗುನಗುತ್ತಲೇ, "ಅಣ್ಣಾ, ನಮ್ಮ ಮನೆ ಅತಿಥಿಗಳು, ಬಿಟ್ಟುಬಿಡಿ" ಎನ್ನಿ. ಕನ್ನಡ, ಮರಾಠಿ, ಹಿಂದಿ ಮೂರೂ ಬರುವ ಬೆಳಗಾವಿಯವರಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇನ್ನೆಲ್ಲಿ ಸಿಗಬೇಕು? ಇದಕ್ಕೂ ಮಣಿಯದೆ ಕದ್ದು ವಿಡಿಯೋ ಮಾಡುವವರಿದ್ದರೆ 112ಕ್ಕೆ ಫೋನ್ ಮಾಡಿ, ಹಿಂಜರಿಯಬೇಡಿ. ಪ್ರವಾಸಿಗರಿಗೆಂದೇ 1363 ಎನ್ನುವ ಸಹಾಯವಾಣಿಯೂ ಇದೆ, ವಿದೇಶಿ ಭಾಷೆಗಳಲ್ಲೂ ಮಾತನಾಡುತ್ತಾರೆ. ಎರಡೂ ನಂಬರ್ ಅವರ ಫೋನ್‌ನಲ್ಲಿ ಹಾಕಿಕೊಡಿ.

ಗುಡಿ, ಚರ್ಚ್ ತೋರಿಸಬಹುದಾ?

ಹಳೆ ಗೋವಾದ ಬೊಮ್ ಜೀಸಸ್ ಬೆಸಿಲಿಕಾಕ್ಕೆ ಟಿಕೆಟ್ ಇಲ್ಲ. ಭುಜ, ಮೊಣಕಾಲು ಮುಚ್ಚಿರಬೇಕು, ಪೂಜೆ ನಡೆಯುವಾಗ ಓಡಾಡಬಾರದು. ಗೋಕರ್ಣದ ಮಹಾಬಲೇಶ್ವರ ಗುಡಿಯಲ್ಲಿ ಗಂಡಸರು ಅಂಗಿ ತೆಗೆಯಬೇಕು. ವಿದೇಶಿಯರನ್ನು ಒಳಗೆ ಬಿಡುವ ವಿಷಯದಲ್ಲಿ ಅಲ್ಲಿ ಬಿಗಿ ಇದೆ. ಅವರನ್ನು ಸಾಲಿನಲ್ಲಿ ಒಂದು ಗಂಟೆ ನಿಲ್ಲಿಸಿ ಬಾಗಿಲಲ್ಲಿ ವಾಪಸ್ ಕಳಿಸಿಕೊಳ್ಳುವುದಕ್ಕಿಂತ ಮೊದಲೇ ಕೇಳಿಕೊಳ್ಳಿ.

ಬರುವಾಗ ಗೋವಾದಿಂದ ಎರಡು ಬಾಟಲಿ ತರಬಹುದಾ?

ಪರ್ಮಿಟ್ ಇಲ್ಲದೆ ತರುವಂತಿಲ್ಲ. ಕಣಕುಂಬಿ, ಅನಮೋಡ, ಮಾಜಾಳಿ ಎಲ್ಲ ಕಡೆ ಅಬಕಾರಿಯವರು ಇರುತ್ತಾರೆ. ಗೋಡಂಬಿ ಹಣ್ಣಿನ ಮದ್ಯ ಫೆನಿಗೆ 2009ರಲ್ಲಿ ಜಿಐ, ಅಂದರೆ ಆ ಊರಿನದೇ ಸರಕು ಎಂಬ ಮಾನ್ಯತೆ ಸಿಕ್ಕಿದೆ, ವಿದೇಶಿಯರಿಗೆ ಅದನ್ನು ಊರಿಗೆ ಒಯ್ಯುವ ಆಸೆ. ಮ್ಯೂನಿಕ್‌ನವರು ಚಂದದ ಬಾಟಲಿ ಎಂದು ಎರಡು ತೆಗೆದುಕೊಂಡಿದ್ದರು, ನನಗೆ ಹೇಳಿರಲಿಲ್ಲ. ಕಣಕುಂಬಿಯಲ್ಲಿ ಡಿಕ್ಕಿ ತೆಗೆಸಿದರು. ಬಾಟಲಿ ಹೋದವು. ಒಂದು ಗಂಟೆ ನಿಲ್ಲಬೇಕಾಯಿತು. ಅವರಿಗೆ ಅರ್ಥವಾಗದ್ದು ಒಂದೇ: ಒಂದೇ ದೇಶ, ಒಂದೇ ರಸ್ತೆ, ನಡುವೆ ಕಸ್ಟಮ್ಸ್ ಯಾಕೆ? ನಾನು ಆ ಒಂದು ಗಂಟೆಯಲ್ಲಿ ಒಕ್ಕೂಟ ವ್ಯವಸ್ಥೆಯ ಬಗ್ಗೆ ನನಗೆ ಗೊತ್ತಿದ್ದುದನ್ನೆಲ್ಲ ಹೇಳಿ ಮುಗಿಸಿದೆ. ಗೋವಾದಿಂದಲೇ ವಿಮಾನ ಹತ್ತುವವರು ಅಲ್ಲೇ ಕೊಂಡರೆ ಈ ರಗಳೆ ಇಲ್ಲ.

ಖರ್ಚು ಹೇಗೆ ಹಂಚಿಕೊಳ್ಳುವುದು?

ಹೊರಡುವ ದಿನ ಎಲ್ಲರೂ ಸಮ ಹಣ ಹಾಕಿ ಒಂದು ಲಕೋಟೆ ಮಾಡಿ. ಅದರಿಂದಲೇ ಎಲ್ಲ ಖರ್ಚು. ಇಲ್ಲದಿದ್ದರೆ ಗಲ್ಲಾ ಮುಂದೆ "ನಾನು ಕೊಡ್ತೀನಿ, ನಾನು ಕೊಡ್ತೀನಿ" ಎಂಬ ನಮ್ಮ ಕುಸ್ತಿ ನೋಡಿ ಅವರು ಜಗಳ ಎಂದುಕೊಳ್ಳುತ್ತಾರೆ. ಕೆಲವರಿಗೆ ನಾವು ಕೊಟ್ಟರೆ ಮುಜುಗರವೂ ಆಗುತ್ತದೆ. ಇಲ್ಲಿನ ಬ್ಯಾಂಕ್ ಖಾತೆ ಇಲ್ಲದವರ ಫೋನ್‌ನಲ್ಲಿ ನಮ್ಮ ಹಾಗೆ ಸ್ಕ್ಯಾನ್ ಮಾಡಿ ಕೊಡುವುದು ಸುಲಭವಿಲ್ಲ. ಎಳನೀರಿನವರಿಗೆ, ಶ್ಯಾಕ್‌ನ ಹುಡುಗರಿಗೆ ಕೊಡಲು ಚಿಲ್ಲರೆ ನೋಟು ಇರಲಿ.

ಅವರಿಗೆ ಯಾವ ಮಾತು ಕಲಿಸಬೇಕು?

"ಸಾಕು". ನಮ್ಮ ಮನೆಗಳಲ್ಲಿ ಊಟಕ್ಕೆ ಕೂತವರ ಜೀವ ಉಳಿಸುವ ಶಬ್ದ. ಆದರೆ ಒಂದು ಸಲ ಹೇಳಿದರೆ ಸಾಕಾಗುವುದಿಲ್ಲ, ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು ಎಂದೂ ಕಲಿಸಿ. ಗೋವಾಕ್ಕೆ ಹೋದರೆ ಕೊಂಕಣಿಯ "ದೇವ್ ಬರೆಂ ಕರೂಂ". ಧನ್ಯವಾದಕ್ಕೆ ಅವರು ಹೇಳುವ ಮಾತು. ದೇವರು ಒಳ್ಳೆಯದು ಮಾಡಲಿ ಎಂದು ಅರ್ಥ.

ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಬಹುದಾ? ಗೆಳೆಯರಿಗೆ ಬೇಜಾರಾಗುವುದಿಲ್ಲವಾ?

ನನಗೂ ಇದೇ ಅನುಮಾನ ಇತ್ತು. ಕೊನೆಯ ಸಲ ಕಾರಿನಲ್ಲಿ ಒಂದು ಸೀಟು ಖಾಲಿ ಉಳಿದಿತ್ತು. ಪೆನಾಂಗ್‌ನ ಹುಡುಗಿಯೇ "ಆಂಟಿ ಬರಲಿ" ಎಂದಳು. ಅವ್ವ ಐವತ್ತೆರಡು ವರ್ಷಕ್ಕೆ ಮೊದಲ ಸಲ ಸಮುದ್ರ ನೋಡಲು ಹೊರಟಳು. ದಾರಿಯುದ್ದಕ್ಕೂ ಬುತ್ತಿಯ ಡಬ್ಬಿ ತೊಡೆಯ ಮೇಲಿಂದ ಇಳಿಸಲಿಲ್ಲ.

ನಿಧಾನಕ್ಕೆ ಹೋಗಬೇಕಾಗುತ್ತದೆ, ಅದು ನಿಜ. ಎರಡು ಗಂಟೆಗೊಮ್ಮೆ ನಿಲ್ಲಿಸಬೇಕು. ಶೌಚಾಲಯ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಬೀಚ್ ಬೇಡ, ಬೆಳಿಗ್ಗೆ ಸಂಜೆ ಸಾಕು. ಆದರೆ ಹಿರಿಯರು ಇದ್ದರೆ ಟ್ರಿಪ್ ತಾನಾಗಿಯೇ ಚಿಕ್ಕದಾಗುತ್ತದೆ. ಒಂದು ದಿನಕ್ಕೆ ಆರು ಜಾಗ ಓಡುವ ಹುಚ್ಚು ತಪ್ಪುತ್ತದೆ.

ಅವ್ವ ದಡದಲ್ಲಿ ಬಹಳ ಹೊತ್ತು ಮಾತಾಡದೆ ನಿಂತಳು. ಆಮೇಲೆ ಚಪ್ಪಲಿ ಬಿಟ್ಟು, ಕೈ ಮುಗಿದು, ನೀರಿಗೆ ಕಾಲಿಟ್ಟಳು. ಹುಡುಗಿ ಅವಳ ಕೈ ಗಟ್ಟಿಯಾಗಿ ಹಿಡಿದಿದ್ದಳು. ಅಲೆ ಬಂದಾಗ ಹೇಗೆ ಪಕ್ಕಕ್ಕೆ ತಿರುಗಿ ನಿಲ್ಲಬೇಕು ಎಂದು ಕನ್ನಡವೂ ಅಲ್ಲದ ಇಂಗ್ಲಿಷೂ ಅಲ್ಲದ ಭಾಷೆಯಲ್ಲಿ ಹೇಳಿಕೊಟ್ಟಳು. ಹೊರಡುವಾಗ ಅವ್ವ ಒಂದು ಖಾಲಿ ನೀರಿನ ಬಾಟಲಿ ತುಂಬಿಕೊಂಡಳು. ಮನೆಯಲ್ಲಿ ಎದ್ದು ಓಡಾಡಲಾಗದ ಅಜ್ಜಿ ಇದ್ದಾಳೆ, ಅವಳ ಕಾಲಿಗೆ ಹಾಕಲು.

ಕಣಕುಂಬಿಯಲ್ಲಿ ಗಾಡಿ ನಿಲ್ಲಿಸಿದರು. ಅಬಕಾರಿಯವರು ಡಿಕ್ಕಿ ನೋಡಿದರು, ಚೀಲ ನೋಡಿದರು. ಅವ್ವನ ಕೈಯಲ್ಲಿದ್ದ ಬಾಟಲಿ ಇಸಿದುಕೊಂಡು, ಮುಚ್ಚಳ ತೆಗೆದು ಮೂಸಿದರು.

"ಇದೇನವ್ವಾ?"

"ಸಮುದ್ರ ರೀ" ಎಂದಳು ಅವ್ವ.